ಒಂಬತ್ತನೆಯ ಸೂಜಿ

ತಪಕೀರ ಗಲ್ಲಿಯಲ್ಲಿ ನಡುಮಧ್ಯಾಹ್ನವೂ ಟ್ಯೂಬ್‌ಲೈಟು.
ಎದುರಂಗಡಿಯವನು ಕಾಲು ಚಾಚಿದರೆ
ನಮ್ಮ ಕೌಂಟರಿಗೆ ತಾಗುತ್ತದೆ.
ಮೇಲಿಂದ ಇಳಿಬಿದ್ದ ಕೇಬಲ್ಲುಗಳು
ಕಲ್ಲು ಕಟ್ಟಲು ಮರೆತ ಪಡವಲಕಾಯಿಯ ಹಾಗೆ
ತಮ್ಮಿಷ್ಟದಂತೆ ಸುರುಳಿಯಾಗಿವೆ.

ಕೆಲಸಕ್ಕೆ ಸೇರಿದ ವಾರ ದಸ್ತಗೀರ ಚಾಚಾ
ಬಿಸ್ಕಿಟಿನ ಡಬ್ಬಿಯೊಂದನ್ನು ಮಗುಚಿ
"ಕಣ್ಣು ಮುಚ್ಚು, ಬಳ್ಳಲೇ ಹೇಳು, ಯಾವುದು ಯಾವುದಂತ" ಎಂದ.
ಅಕ್ಕಲಕೋಟದ ಕನ್ನಡ ಅವನದು.
ದಿನವಿಡೀ ಮರಾಠಿ ಮಾರಿ, ಉಳಿದ ಅದನ್ನು
ನನಗೊಬ್ಬಳಿಗೇ ಎತ್ತಿಡುತ್ತಿದ್ದ.

"ದುಂಡಗಿನವು ಎರಡು. ಆರಾರು ಸೂಜಿ.
ಬದನಿಕಾಯಿ ಬಣ್ಣದ್ದು ಕೀಬೋರ್ಡಿಗೆ,
ಹಸಿಮೆಣಸಿನಕಾಯಿದು ಮೌಸಿಗೆ."
"ಕಣ್ಣು ಮುಚ್ಚಿದ ಮ್ಯಾಲೆ ಬಣ್ಣ ಹೆಂಗ ಕಾಣಬೇಕು ಚಾಚಾ?"
ಅವನು ಗಡ್ಡ ಕೆರೆದುಕೊಂಡ.
ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ.

ನೆಟ್ಟಿನದು ಫೋನಿನದಕ್ಕಿಂತ ದಪ್ಪ,
ಕೂತಾಗ ಟಕ್ ಅನ್ನಬೇಕು.
ಅನ್ನದಿದ್ದರೆ ಕೂತಿಲ್ಲ, ಕೂತ ಹಾಗೆ ನಟಿಸಿದೆ.
ಟೀವಿಯದಕ್ಕೆ ಕೆಳಗಿನ ಎರಡೂ ಮೂಲೆ ಸವೆದಿವೆ,
ಚಿತ್ರವೂ ಸದ್ದೂ ಒಂದೇ ಬಾಗಿಲಲ್ಲಿ ಹಾಯುತ್ತವೆ.

ಹೋಲ್‌ಸೇಲಿನವರು ಬಂದು
ಮೇಲ್ ಎಷ್ಟು, ಫೀಮೇಲ್ ಎಷ್ಟು ಅನ್ನುವಾಗ
ನನ್ನ ಮುಖ ಕಂಡು ದನಿ ತಗ್ಗಿಸುತ್ತಿದ್ದರು.
ಖಾತೆಯಲ್ಲಿ ನಾನು ಗುಂಡಿ, ಕಾಜ ಎಂದು ಬರೆದೆ.
ನಮ್ಮವ್ವ ಲಕ್ಷ್ಮೀ ರಸ್ತೆಯ ಯೂನಿಫಾರ್ಮ್ ಅಂಗಡಿಗೆ
ಕಾಜ ಹೊಲಿಯುವವಳು, ಅಂಗಿಗೆ ಇಷ್ಟೆಂದು.
ಈಗ ಎದುರಂಗಡಿಯವನೂ ಕೂಗುತ್ತಾನೆ:
"ಹದಿನೈದರ ಕಾಜ ಎರಡು ಡಜನ್ ಕೊಡು!"

ಆಮೇಲೆ ಬಂತು ಹುಣಸೆಬೀಜದಂಥ ಹೊಸ ಬಾಯಿ.
ಹೇಗೆ ಹಿಡಿದರೂ ಸೈ, ಮೇಲು ಕೆಳಗಿಲ್ಲ.
ಚಾಚಾ ನಂಬಲಿಲ್ಲ.
"ಎಲ್ಲಾರಿಗೂ ಹೂಂ ಅನ್ನೂ ಮನಶ್ಯಾನಂಗ ಐತಿ."
ಹೌದು, ಬಾಯಿ ಒಂದೇ, ಹೊಟ್ಟೆ ಬೇರೆ ಬೇರೆ.
ಒಂದು ಪರದೆಗೆ ಚಿತ್ರ ಕೊಡುತ್ತದೆ,
ಅದರ ಅವಳಿ ಕೊಡುವುದಿಲ್ಲ.
ಅಗ್ಗದ್ದೊಂದನ್ನು ಎತ್ತಿ ತೋರಿಸಿ ಹೇಳಿದ:
"ಇದು ಅನ್ನ ಒಯ್ತದ, ಸುದ್ದಿ ಒಯ್ಯೂದಿಲ್ಲ."
ಥಟ್ಟನೆ ತಿಳಿಯಿತು.
ಅಂಥ ಸೋದರಮಾವ ನಮಗೂ ಇದ್ದ.

ನಿನ್ನೆ ಸಂಜೆ, ಷಟರ್ ಅರ್ಧ ಇಳಿದಾಗ,
ಕಾತ್ರಜದ ಮುನ್ಸಿಪಾಲ್ಟಿ ಶಾಲೆಯ ಭಾರಡೆ ಟೀಚರ್
ಪ್ರೊಜೆಕ್ಟರಿನ ಕೇಬಲ್ ತಂದು ಬಡಿದಳು.
ಪರದೆಯ ಬಿಳಿಯೆಲ್ಲ ಅರಿಶಿನವಂತೆ,
ಸಮುದ್ರ ತೋರಿಸಿದರೆ ಕೊಳೆನೀರಂತೆ.
"ಹೇರ್‌ಪಿನ್ನಿನಿಂದ ಎಣಿಸಿದ್ದೇನೆ, ಹದಿನಾಲ್ಕೇ ಇವೆ. ಮೋಸ!"

ಮೂರು ಸಾಲು, ಐದೈದು.
ನಡುಸಾಲಿನಲ್ಲಿ ಒಂಬತ್ತನೆಯದು ಇಲ್ಲ.
ಮುರಿದದ್ದಲ್ಲ, ಇಂಥವಕ್ಕೆ ಹುಟ್ಟಿನಿಂದಲೇ ಇರುವುದಿಲ್ಲ.
ಚಾಚಾ ಬಾಯಿ ತೆರೆದು ತನ್ನ ಖಾಲಿ ಹಲ್ಲಿನ ಜಾಗ ತೋರಿಸಿ
ಮರಾಠಿಯಲ್ಲಿ ಏನೋ ಅಂದ. ಟೀಚರ್ ನಗಲಿಲ್ಲ.

ತಪ್ಪು ಮೇಲಿನ ಸಾಲಿನದು.
ಮೂರನೆಯದು, ನೀಲಿ ಹೊರುವುದು,
ಪಕ್ಕದವನ ಹೆಗಲ ಮೇಲೆ ಮಲಗಿತ್ತು.
ಯಾರೋ ಗಂಟೆ ಹೊಡೆಯುವ ಮೊದಲು
ನೋಡದೆ ತಳ್ಳಿದ್ದಾರೆ.

ಚಾಚಾನ ಕೈ ಈಗೀಗ ನಡುಗುತ್ತದೆ.
ಮಾತಿಲ್ಲದೆ ಕೇಬಲ್ಲನ್ನು ನನ್ನ ಕಡೆ ಸರಿಸಿದ.
ಚೆಂಡು ಕಿತ್ತ ರೀಫಿಲ್ಲಿನ ಮೂತಿಯನ್ನು
ಸೂಜಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಎತ್ತಿದೆ.
ಎರಡನೆಯ ಸಲ ಬಗ್ಗಿದರೆ ಮುರಿಯುತ್ತದೆ.
ಇದು ಎಷ್ಟನೆಯ ಸಲವೋ ಯಾರಿಗೆ ಗೊತ್ತು.

ಮೂಲೆಯ ಹಳೆ ಮಾನಿಟರಿನಲ್ಲಿ ನೀಲಿ ಬಂತು.
ಸಮುದ್ರವಲ್ಲ, ಏನೂ ಅಲ್ಲ,
ಫೋಲ್ಡರುಗಳ ಹಿಂದಿನ ಬರೀ ನೀಲಿ.
ಮೂವರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.
ಇಪ್ಪತ್ತು ಅಂದೆ. ಟೀಚರ್ ಹತ್ತಕ್ಕೆ ಇಳಿಸಿದಳು.

ರಾತ್ರಿ ಅವ್ವ ಬಲ್ಬಿನ ಕೆಳಗೆ ಕೂತು
"ಇವತ್ತು ಏನು ಮಾಡಿದಿ?" ಅಂದಳು.
"ಒಂದು ಸೂಜಿ ನೆಟ್ಟಗ ಮಾಡಿದೆ."
"ಅಷ್ಟಕ್ಕ ಇಷ್ಟೊತ್ತೇನ?" ಎಂದು
ದಾರ ಹಲ್ಲಿನಲ್ಲಿ ಕಡಿದು,
ಯಾರದೋ ಮಗುವಿನ ಬಿಳಿ ಅಂಗಿಯ ಕಾಜದಲ್ಲಿ
ಗುಂಡಿ ತೂರಿಸಿ ನೋಡಿದಳು.
ಬಿಗಿಯಾಯಿತು.
ಬಿಚ್ಚಿ, ಮೊದಲಿಂದ ಹೊಲಿಯತೊಡಗಿದಳು.