ಮುಚ್ಚಬಾರದ ತೂತು

ಉದ್ಯಮಬಾಗದಾಗ, ಫೌಂಡ್ರಿ ಬೆನ್ನಿಗೆ ಹಚ್ಚಿ ನನ್ನ ಶೆಡ್ಡು.
ಮೂವತ್ತೊಂದು ವರ್ಷ ಬರೇ ತೂತು ಮುಚ್ಚೀನಿ:
ಹಾಲಿನ ಟ್ಯಾಂಕರ್, ಟ್ರಾಕ್ಟರ್ ಟ್ರೇಲಿ,
ಒಮ್ಮೆ ಯಾರದೋ ತವರಮನಿ ಹಿತ್ತಾಳಿ ಕೊಡ.
ನನ್ನ ಕೈ ದಾಟಿ ಹೋದದ್ದು ನೀರು ಹಿಡೀಬೇಕು.
ನನಗ ಬರೋ ವಿದ್ಯಾ ಅಷ್ಟ.

ಹವಾಲ್ದಾರ ಯಲ್ಲೋಜಿ ಬಂದ್ರು,
ಮಿಲಿಟರಿ ಹರಾಜಿನ್ಯಾಗ ಹಿಡಿದ ಒನ್-ಟನ್ ಗಾಡಿ
ಗುರುಗುಟ್ಟಿಸಿಕೋತ.
ಹಸಿರು ಬಣ್ಣದ ಕೆಳಗ ಇನ್ನೊಂದು ಹಸಿರು,
ಅದರ ಕೆಳಗ ತುಕ್ಕು.
"ನಾಕೂ ಗಾಲಿ ಎಳೀತಾವ ದಸ್ತಗೀರ,
ದಾರಿ ಇಲ್ಲದಲ್ಲೂ ಹೊಕ್ಕೈತಿ.
ಒಳಗೊಂದು ಅಡಗಿಮನಿ ಕೂಡಿಸು."

ಇಪ್ಪತ್ತೆರಡು ವರ್ಷ ಲಂಗರಿನ ಒಲಿ ಮುಂದ ನಿಂತ ಮನಿಷ್ಯಾ.
ಅಳತಿ ಕೇಳಿದರ ಎರಡೂ ತೋಳು ಚಾಚಿ
"ಬೋಗುಣಿ ಇಷ್ಟ ಅಗಲ" ಅಂದ್ರು.
ಎಷ್ಟ ಮಂದಿಗ್ರಿ ಅಡಗಿ?
"ನೂರಾ ಇಪ್..." ಅಂದವರು ನಿಂತು,
ತೋಳು ಮೆಲ್ಲಕ ಇಳಿಸಿ,
"ಇಬ್ಬರಿಗೆ."

ಮೂರನೇ ದಿನ ತಾನುಬಾಯಿ ಸ್ಕೂಟಿ ಮ್ಯಾಲ ಬಂದ್ಲು.
ಗಾಡಿ ಹತ್ತಿ, ಗಂಡ ತುಂಬಿದ್ದನ್ನೆಲ್ಲ ಕೆಳಗ ಒಗದ್ಲು:
ಝಾರಿ, ಸೌಟು, ಆ ಬೋಗುಣಿ.
"ಏನ್ ಯುದ್ಧಕ್ಕ ಹೊಂಟೀವೇನು?"
ಉಳಿದದ್ದು ಒಂದು ಹಂಚು, ಮೂರು ಲೀಟರಿನ ಕುಕ್ಕರ್,
ಶೇಂಗಾ ಚಟ್ನಿ ಡಬ್ಬಿ.
ಆಮ್ಯಾಲ ನನ್ನ ಕಡೆ ತಿರುಗಿ,
"ರೊಟ್ಟಿ ಬಡಿಯಾಕ ಎಳದರ ಬರೋ ಹಲಗಿ ಬೇಕು" ಅಂದ್ಲು.

ಎಷ್ಟ ಎತ್ತರ?
ಆಕಿಗೂ ಗೊತ್ತಿರಲಿಲ್ಲ.
ನಲವತ್ತು ವರ್ಷ ಆಕೀನ ಬಗ್ಗಿದ್ಲು ಕಲ್ಲಿಗೆ,
ಕಲ್ಲು ಎಂದೂ ಆಕಿ ಕಡೆ ಎದ್ದಿರಲಿಲ್ಲ.
ನಿಂತು ಬಡದು ತೋರಸ್ರಿ, ಅಂದೆ.
ಖಾಲಿ ಗಾಡಿಯೊಳಗ, ಇಲ್ಲದ ಹಿಟ್ಟು
ಟಪ ಟಪ ಬಡದ್ಲು ಗಾಳಿಯೊಳಗ,
ತಿರುವಿ ತಿರುವಿ.
ನಾ ಮೊಣಕಾಲೂರಿ ಟೇಪು ಹಿಡಿದೆ.
ಮೂವತ್ತೊಂದು ಇಂಚು.
ಹವಾಲ್ದಾರರು ಬಾಗಲಾಗ ನಿಂತು ನೋಡಿದ್ರು,
ಏನೂ ಅನಲಿಲ್ಲ.

ಗ್ಯಾಸಿನ ಪೆಟ್ಟಿಗಿ ಮಾತ್ರ ನನ್ನ ಹಟದಾಂಗ ಮಾಡಿದೆ.
ಐದು ಕಿಲೋದ ಎರಡು ಸಿಲಿಂಡರ್, ನೆಟ್ಟಗ ನಿಲ್ಲಂಗ ಪಟ್ಟಿ,
ನಾಕೂ ಮೂಲಿ ಬೆಸುಗಿ,
ಒಂದು ಇರುವಿ ಸೈತ ಹೋಗಬಾರದು.
ಅವರು ಬಗ್ಗಿ ತಳ ಮುಟ್ಟಿ ನೋಡಿ,
"ತೂತು ಎಲ್ಲೈತೋ?" ಅಂದ್ರು.

"ಇದು ಹೊಗಿ ಅಲ್ಲ ತಮ್ಮಾ, ಮ್ಯಾಲ ಏರಾಕ.
ಗಾಳಿಗಿಂತ ಭಾರ.
ಸೋರಿದರ ನೀರಿನಂಗ ಇಳೀತೈತಿ,
ಕಾಲಬುಡಕ ಮಲಗಿ ಕಿಡಿ ಕಾಯ್ತೈತಿ.
ಅಲ್ಲಿ, ಬರ್ಫಿನ್ಯಾಗ, ಥಂಡಿ ಅಂತ
ಗೋಣಿಚೀಲ ತುರುಕಿ ಸಂದಿ ಮುಚ್ಚಿದ್ವಿ.
ಬೆಳಗಿನ ಚಹಾಕ್ಕಂತ ಒಬ್ಬ ಹುಡುಗ..."

ಹುಬ್ಬು ಇಲ್ಲದ ಜಾಗಾ ಹೆಬ್ಬೆರಳಲೆ ತೀಡಿಕೊಂಡ್ರು.
"ತಳಕ್ಕ ತೂತು ಹೊಡಿ. ನೆಲ ಕಾಣಬೇಕು.
ಸೈಲೆನ್ಸರ್ ಆ ಕಡೆ ಇರಲಿ."

ಡ್ರಿಲ್ಲು ಹಿಡಿದ ಕೈ ಒಂದ ಗಳಿಗಿ ತಡೀತು.
ಗಟ್ಟಿಮುಟ್ಟ ತಗಡಿಗೆ ನಾನ, ನನ್ನ ಕೈಯಾರೆ!
ಆಮ್ಯಾಲ ಬಿಸಿ ಚೂರು ಸುರುಳಿ ಸುರುಳಿ ಬಿದ್ದು,
ಗೋಲಿಯಂಥ ಬೆಳಕೊಂದು ಪೆಟ್ಟಿಗಿಯೊಳಗ ಬಂದು ಕೂತ್ತು.

ಸಬಕಾರದ ನೀರು ಹಚ್ಚಿದ್ವಿ ಪೈಪಿಗೆ, ಕೀಲಿಗೆ.
ರೆಗ್ಯುಲೇಟರ್ ಕೊರಳಾಗ ಗುಳ್ಳಿ ಒಂದು,
ಸೊಳ್ಳಿ ಕಣ್ಣಷ್ಟು, ಆಮ್ಯಾಲ ಅವರಿಕಾಳಷ್ಟು ಉಬ್ಬಿತು.
ಬಿಚ್ಚಿ, ವಾಷರ್ ಬದಲಿಸಿ, ಮತ್ತ ಬಿಗದೆ.
ಮೂವರೂ ಉಸಿರು ಹಿಡದು ನೋಡಿದ್ವಿ.
ಏನಿಲ್ಲ.
ತಾನುಬಾಯಿ ಚಹಾಕ್ಕ ಇಟ್ಲು.

ಯಳ್ಳೂರ ಗುಡ್ಡದ ಕಚ್ಚಾ ದಾರಿಯೊಳಗ ಒಂದು ಸುತ್ತು ಹೊಡದ್ವಿ.
ಗಾಡಿ ಒಂಟಿಯಂಗ ತೂಗಿದರೂ ಡಬ್ಬಿ ಸಪ್ಪಳ ಮಾಡಲಿಲ್ಲ,
ನಡುನಡುವ ಹಳೇ ಇಳಕಲ್ಲ ಸೀರಿ ತುರುಕಿದ್ಲು ಆಕಿ.
ಕಛ್ ಕಡೆ ಹೊಂಟಾರಂತ ಮೊದಲಿಗೆ.
ಹದಿನೆಂಟನೂರು ಬಾಕಿ ಐತಿ.
ಬರಲಿ ಬಿಡು ತಿರುಗಿ ಬಂದಾಗ.

ರಾತ್ರಿ ಮನಿಯೊಳಗ, ಅಡಗಿಮನಿ ಹಿತ್ತಲ ಬಾಗಲ ಬುಡಕ
ನಮ್ಮಾಕಿ ವರ್ಷಾ ತುರುಕೋ ಗೋಣಿಚೀಲ
ಕಾಲಿಲೆ ಎಳದು ಹೊರಗ ಹಾಕಿದೆ.
"ಥಂಡಿ ಬರ್ತೈತ್ರಿ" ಅಂದ್ಲು, ನಿದ್ದಿಗಣ್ಣಾಗ.
ಬರಲಿ, ಅಂದೆ.