ಕಣ್ಣಿರುವ ತುಂಡು

ಸಂಜೆ ಏಳಕ್ಕೆ ಸರಿಯಾಗಿ ಅಳುತ್ತಿದ್ದೆ,
ಡೇರಿಗೆ ಹಾಲು ಹಾಕುವವಳ ಹಾಗೆ, ಒಂದು ದಿನವೂ ತಪ್ಪಿಸದೆ.
ದಿಂಬಿನಡಿಯಿಂದ ಲಗ್ನಪತ್ರಿಕೆ ತೆಗೆದು
ನಿಂಗರಾಜನ ಪಕ್ಕ ಅಚ್ಚಾದ
ಬೇರೆ ಹೆಸರನ್ನು ಬೆರಳಲ್ಲಿ ಸವರಿ,
ಕಣ್ಣೀರು ಬಾರದಿದ್ದರೆ ಇನ್ನೊಮ್ಮೆ ಸವರಿ.

ಸುಳ್ಳೇಕೆ, ಒಂದು ಸಲ
ಅಳುತ್ತಲೇ ಎದ್ದು ಕನ್ನಡಿ ನೋಡಿದ್ದೆ.
ಒಪ್ಪುತ್ತಿತ್ತು.
ಲೈಟು ಆರಿಸಿ ಮತ್ತೆ ಕೂತೆ.

ಮೇ ತಿಂಗಳು. ಹಾಸನದ ಮಾರ್ಕೆಟ್ ಯಾರ್ಡಿನ ತುಂಬ
ಜಲಂಧರದ ಲಾರಿಗಳು.
ಬಿತ್ತನೆ ಆಲೂಗೆಡ್ಡೆಯ ಮೂಟೆ ಎಣಿಸಿ ಬರೆಯುವುದು ನನ್ನ ಕೆಲಸ.
ಹನ್ನೊಂದು ತಿಂಗಳು ಎಣಿಕೆ ತಪ್ಪಿದರೂ ಯಾರೂ ಬೈಯಲಿಲ್ಲ.
'ಪಾಪ, ಅವಳಿಗೆ ಹಿಂಗಾಯ್ತಲ್ಲ!'
ಆ 'ಪಾಪ'ವನ್ನು ಬೆಲ್ಲದ ಚೂರಿನಂತೆ
ದವಡೆಗಿಟ್ಟು ದಿನವಿಡೀ ಚೀಪುತ್ತಿದ್ದೆ.

ದ್ಯಾವೀರಮ್ಮನಿಗೂ ಹೇಳಹೊರಟೆ.
ಗೆಡ್ಡೆ ಕುಯ್ಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.
'ನನ್ನ ಬದುಕೇ ಕತ್ತಲಾಗಿಹೋಯ್ತು...'
'ಊಂ. ಆ ಕತ್ಲೆ ಮೂಲೇಲಿ ಒಂದು ಮೂಟೆ ಉಳ್ಕಂಡೈತೆ,
ಎಳ್ಕಂಡು ಬಾ ಕಣವ್ವ.'

ಮಾಗಿಯಲ್ಲಿ ಮರೆತದ್ದು. ಬಾಯಿ ಬಿಚ್ಚಿದರೆ
ಗೇಣುದ್ದದ ಮೊಳಕೆಗಳು, ಬೆಳ್ಳಗೆ, ಒಂದಕ್ಕೊಂದು ಹೆಣೆದು,
ನೋಡಲು ಚೆಂದವೇ.
ಗೆಡ್ಡೆ ಮುಟ್ಟಿದರೆ ಮೆತ್ತಗೆ, ಹಲ್ಲಿಲ್ಲದ ಅಜ್ಜಿಯ ಕೆನ್ನೆ.
ಮಣ್ಣಿಲ್ಲದೆ, ನೀರಿಲ್ಲದೆ
ತನ್ನನ್ನೇ ತಿಂದು ಅಷ್ಟುದ್ದ ಬೆಳೆದಿತ್ತು.

'ಚೆಲ್ಲೋದಾ?'
'ಎಲ್ಲಾನೂವಾ? ಗಟ್ಟಿ ಇರೋವ ಆರ್ಸು.
ಕಣ್ಣಿರೋ ಕಡೆ ಕುಯ್ಯಿ. ಬೂದಿ ಹಚ್ಚು.'

ಕುಯ್ದೆ. ಹೊತ್ತು ನೆತ್ತಿಗೇರುವ ತನಕ ಕುಯ್ದೆ.
ಬೆರಳೂ ಕುಯ್ದುಕೊಂಡೆ.
ಅದಕ್ಕೂ ಅವಳು ಬೂದಿಯನ್ನೇ ಒತ್ತಿದಳು,
ಒಂದು 'ಅಯ್ಯೋ' ಕೂಡ ಇಲ್ಲದೆ.
ನಿಂಗರಾಜ ನೆನಪಾದ, ಎರಡು ಸಲ.
ನೋಯಿತು. ಆದರೆ ಆ ನೋವು ಬೇರೆಯದು,
ಸಣ್ಣದು, ಗಟ್ಟಿ,
ಅಂಗೈಯಲ್ಲಿ ಹಿಡಿಯುವಷ್ಟು.

ಸಂಜೆ ಏಳು. ಬಂದು ನಿಂತಿತು ಹೊಸಿಲಾಚೆ
ನನ್ನದೇ ಹಳೇ ಸೀರೆ ಉಟ್ಟು,
ಕರೆಯುವರೆಂಬ ನಂಬಿಕೆಯಲ್ಲಿ.
ಒಲೆಯ ಮೇಲೆ ಹುರುಳಿ ಸಾರು, ಇನ್ನೇನು ಉಕ್ಕಬೇಕು.
ಸೀಮೆಸುಣ್ಣ ಹುಡುಕಿ ಕದದ ಮೇಲೆ
ನಾಳೆ ಬಾ
ಎಂದು ಬರೆದೆ.

ಬರುತ್ತದೆ, ಗೊತ್ತು.
ಅದಕ್ಕೆ ಓದಲು ಬರುತ್ತದೆ,
ತಿದ್ದಿಸಿದವಳು ನಾನೇ.
ನಾಳೆಯೂ ಬಂದು ಓದಿಕೊಳ್ಳಲಿ.

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ.