ಎಡಗಣ್ಣು, ಎರಡನೇ ಫೋಟೊ

ಮದ್ದೂರಿನ ಆಸ್ಪತ್ರೆ, ಹನ್ನೊಂದನೇ ನಂಬರಿನ ಕೋಣೆ.
ಕಿಟಕಿಗೆ ಕಪ್ಪು ರಟ್ಟು ಅಂಟಿಸಿದವಳು ನಾನೇ.
ಗದ್ದ ಇಲ್ಲಿಡಿ, ಹಣೆ ಒತ್ತಿ, ಹಸಿರು ಚುಕ್ಕಿ ನೋಡಿ,
ರೆಪ್ಪೆ ಬಡೀಬೇಡಿ.
ದಿನಕ್ಕೆ ಅರವತ್ತು ಸಲ ಹೇಳೀ ಹೇಳೀ
ಮಗಳಿಗೆ ಜಡೆ ಹಾಕುವಾಗಲೂ ಬಾಯಿಗೆ ಅದೇ ಬರುತ್ತದೆ.

ಫೋಟೊ ತೆಗೆಯುವುದು ನಾನು. ಓದುವುದು ಅದು,
ಮೈಸೂರಿನ ನಿಖತ್ ಮೇಡಂ ತಂದಿಟ್ಟು ಹೋದ ಬೂದು ಡಬ್ಬಿ.
ಎಲ್ಲೆಲ್ಲಿಯದೋ ಲಕ್ಷ ಕಣ್ಣು ನೋಡಿ ಕಲಿತದ್ದಂತೆ.
ನಾಲ್ಕು ಸೆಕೆಂಡು, ಉತ್ತರ ಸಿದ್ಧ:
ಸಕ್ಕರೆ ಕಾಯಿಲೆಯ ಗುರುತಿಲ್ಲ. ಸಂಭವ ಶೇಕಡಾ ಒಂಬತ್ತು.
ಮುಂದಿನ ವರ್ಷ ಬನ್ನಿ.

ಬೋರಲಿಂಗಯ್ಯ ಏಳಲಿಲ್ಲ.
ವಿ.ಸಿ. ನಾಲೆಯಲ್ಲಿ ಮೂವತ್ತೊಂದು ವರ್ಷ ಸೌಡಿ,
ಯಾವ ತೂಬಿಗೆ ಯಾವ ರಾತ್ರಿ ಎಷ್ಟು ನೀರೆಂದು
ಪುಸ್ತಕವಿಲ್ಲದೆ ನಡೆಸಿದವರು.
ಕುತ್ತಿಗೆ ಚಾಚಿ ಪರದೆ ನೋಡಿದರು.
"ಇದ್ಯಾವ ನಾಲೆ ನಕ್ಷೆ ಕಣವ್ವ?"
ನಿಮ್ಮ ಕಣ್ಣೇ ಯಜಮಾನ್ರೇ, ಒಳಗಡೆ.
ಬಹಳ ಹೊತ್ತು ಮಾತಿಲ್ಲ.
ಆಮೇಲೆ ಬೆರಳು ಹೊರಟಿತು:
"ಬೆಳ್ಳಗಿರೋದು ಹುಲಿಕೆರೆ ಸುರಂಗದ ಬಾಯಿ.
ಇದು ದೊಡ್ಡ ನಾಲೆ. ಇವೆಲ್ಲ ಸೀಳ್ನಾಲೆ.
ಇಗಾ, ಇಲ್ಲಿ ಏರಿ ಜಿನುಗ್ತಾ ಅದೆ."

ಮೂಲೆಯಲ್ಲಿ ರಾಗಿ ಕಾಳಿಗಿಂತ ಸಣ್ಣ ಕೆಂಪು.
ಧೂಳಿರಬೇಕು, ಅಂದೆ.
"ಇಂಜಿನಿಯರ್ರೂ ಒಂದ್ಸಲ ಇಲಿ ಬಿಲ ಅಂದ್ರು.
ಬೆಳಕರಿದ್ರೆ ನಲವತ್ತೆಕರೆ ನಾಟಿ ನೀರಲ್ಲಿತ್ತು."

ಅದು ಎಲ್ಲೆಲ್ಲಿ ನೋಡಿತೆಂದು ತೋರಿಸಲು ಒಂದು ಗುಂಡಿ ಇದೆ.
ನಾನು ಒತ್ತುವುದು ಕಡಿಮೆ. ಒತ್ತಿದೆ.
ನಡುವೆಲ್ಲ ಕೆಂಡದ ಬಣ್ಣ, ಮೂಲೆ ತಣ್ಣಗೆ ನೀಲಿ.
ಅಲ್ಲಿಗೆ ಅದು ಹೋಗೇ ಇರಲಿಲ್ಲ.
"ಸಾಹೇಬ್ರೂ ಹಿಂಗೇಯ," ಸೌಡಿ ನಕ್ಕರು,
"ಸೇತ್ವೆ ತಂಕ ಬಂದು ಜೀಪು ತಿರುಗ್ಸೋರು.
ಟೈಲೆಂಡಿನ ಗದ್ದೆ ಯಾರು ಕಂಡವ್ರೆ?"

ಮಸೂರ ಒರೆಸಿದೆ. ಮತ್ತೆ ಗದ್ದ, ಮತ್ತೆ ಹಣೆ,
ಈ ಸಲ ನನ್ನ ಕಿವಿ ಕಡೆ ನೋಡಿ ಎಂದೆ.
ಧೂಳಾಗಿದ್ದರೆ ನಿಂತಲ್ಲೇ ನಿಲ್ಲುತ್ತಿತ್ತು.
ಕೆಂಪು ಕಣ್ಣಿನ ಜೊತೆ ಸರಿಯಿತು,
ಅದರ ಹಿಂದೆ, ಮೊದಲ ಫೋಟೊದ ಆಚೆ ಉಳಿದಿದ್ದ
ಇನ್ನೂ ನಾಲ್ಕು.

ಡಬ್ಬಿ ಈಗ ಶೇಕಡಾ ಅರವತ್ತೆಂಟು ಅಂದಿತು,
ಒಂಬತ್ತು ಅಂದಿದ್ದು ತಾನಲ್ಲವೆಂಬಂತೆ.
ಅದರ ಮೇಲೆ ಸಿಟ್ಟು ಬರಲಿಲ್ಲ.
ನಾನೂ ಧೂಳು ಅಂದವಳು.

ಮಂಡ್ಯದ ದೊಡ್ಡಾಸ್ಪತ್ರೆಗೆ ಚೀಟಿ ಬರೆದೆ.
ಅದಕ್ಕೆ ಭಾನುವಾರ ರಾತ್ರಿ ಮತ್ತೆ ಪಾಠ;
ತಪ್ಪಿದ ಕಣ್ಣುಗಳನ್ನೆಲ್ಲ ಗುರುತು ಹಾಕಿ ಕಳಿಸಬೇಕು.
ಕಂಡುಹಿಡಿದದ್ದು: ವೈದ್ಯರು, ಯಂತ್ರ, ಇತರೆ.
ಇತರೆ ಒತ್ತಿ, ಖಾಲಿ ಜಾಗದಲ್ಲಿ ಸೌಡಿ ಎಂದು ಟೈಪು ಮಾಡಿದೆ.
ನಿಖತ್ ಮೇಡಂ ಫೋನು ಮಾಡಿ ಕೇಳಬಹುದು, ಯಾರದು ಅಂತ.
ಕೇಳಲಿ.

ಮುಂದಿನವರನ್ನು ಕರೆಯಲು ಬಾಗಿಲಿಗೆ ಹೋಗಿ ತಿರುಗಿದರೆ
ಬೋರಲಿಂಗಯ್ಯ ಆಗಲೇ ಗದ್ದ ಇಟ್ಟು ಕೂತಿದ್ದಾರೆ.
"ಬಲಗಡೆ ನಾಲೆ ಇನ್ನೂ ನೋಡಿಲ್ವಲ್ಲವ್ವ ನಾವು."